ಬಣ್ಣ ಬಿಡಿ, ಹರಳು ನೋಡಿ

ಪೆರ್ಡೂರಿನಲ್ಲಿ ಕಲ್ಲಿಗೆ ಬರವಿಲ್ಲ, ಅಗ್ನಿಶಿಲೆಗೆ ಮಾತ್ರ ಸ್ವಲ್ಪ ಹುಡುಕಬೇಕು. ಅನಂತಪದ್ಮನಾಭ ದೇವಸ್ಥಾನದ ಪೇಟೆಯಿಂದ ಯಾವ ದಿಕ್ಕಿಗೆ ಹೊರಟರೂ ಮೊದಲು ಎದುರಾಗುವುದು ಮುರಕಲ್ಲು. ಮನೆಯ ಗೋಡೆ, ಬಾವಿಕಟ್ಟೆ, ತೋಟದ ಪಾಗಾರ, ಎಲ್ಲ ಅದೇ. ಅಗ್ನಿಶಿಲೆ ಗುರುತಿಸಲು ಕಲಿಯಬೇಕೆಂದು ಬರುವ ಹೊಸಬರು ಮೊದಲು ಕೈಗೆತ್ತಿಕೊಳ್ಳುವುದೂ ಸಾಮಾನ್ಯವಾಗಿ ಇದನ್ನೇ. ಮೈತುಂಬ ತೂತು, ಕೆಂಪು ಬಣ್ಣ, ಸುಟ್ಟ ಹಾಗಿನ ನೋಟ. ಜ್ವಾಲಾಮುಖಿಯಿಂದಲೇ ಬಂದಿರಬೇಕು ಎಂದುಬಿಡುತ್ತಾರೆ.

ಮುರಕಲ್ಲನ್ನು ಮಾಡಿದ್ದು ಮಳೆ. ಅಡಿಯಲ್ಲಿದ್ದ ಹಳೆಯ ಗಟ್ಟಿ ಶಿಲೆ ಲಕ್ಷಾಂತರ ವರ್ಷ ಮಳೆ ಬಿಸಿಲಿಗೆ ಶಿಥಿಲವಾಗುತ್ತ ಬಂತು. ಅದರೊಳಗಿನ ಸಿಲಿಕಾ, ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂಗಳು ನೀರಿನೊಂದಿಗೆ ಕರಗಿ ಹೋದವು. ಕರಗಲೊಲ್ಲದ ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡುಗಳು ಉಳಿದು ಗಟ್ಟಿಯಾದವು. ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಇದನ್ನು ಲ್ಯಾಟರೈಟ್ ಎಂದು ಕರೆದ. ನೆಲದಲ್ಲಿದ್ದಾಗ ಕೊಡಲಿಗೆ ಬಗ್ಗುವ ಈ ಕಲ್ಲು ಕಡಿದು ಗಾಳಿಗಿಟ್ಟರೆ ಗಡುಸಾಗುತ್ತದೆಂಬುದು ಅವನನ್ನು ಬೆರಗುಗೊಳಿಸಿತ್ತು. ನಮ್ಮ ಕೋರೆ ಕೆಲಸದವರಿಗೆ ಅದು ಮೊದಲೇ ಗೊತ್ತಿದ್ದ ಸಂಗತಿ.

ಲಾವಾದಲ್ಲಿಯೂ ತೂತುಗಳಿರುವುದು ನಿಜ. ಆದರೆ ಅವು ಅನಿಲ ಹೊರಬಿದ್ದ ಗುಳ್ಳೆಗಳು. ಬಹುಮಟ್ಟಿಗೆ ದುಂಡಗಿದ್ದು ಒಂದಕ್ಕೊಂದು ಸೇರದೆ ಬಿಡಿಬಿಡಿಯಾಗಿರುತ್ತವೆ. ಮುರಕಲ್ಲಿನ ತೂತುಗಳು ಅಂಕುಡೊಂಕಾಗಿ ಒಂದರೊಳಗೊಂದು ಹೊಕ್ಕಿರುತ್ತವೆ, ಒಳಗೆ ಹಳದಿಯೋ ಬಿಳಿಯೋ ಜೇಡಿ ಮೆತ್ತಿರುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಅಚ್ಚುಕಟ್ಟಾದ ಹರಳು ಒಂದೂ ಕಾಣುವುದಿಲ್ಲ. ಉಳಿದಿದ್ದರೆ ಅಲ್ಲೊಂದು ಇಲ್ಲೊಂದು ಬೆಣಚಿನ ಕಾಳು, ಅಷ್ಟೇ. ಇಷ್ಟು ಗೊತ್ತಾದರೆ ಮುರಕಲ್ಲನ್ನು ಬದಿಗಿಡಬಹುದು.

ಅಗ್ನಿಶಿಲೆ ಬೇಕಿದ್ದರೆ ಇದರ ಅಡಿಗೆ ಇಳಿಯಬೇಕು. ಬಾವಿ ತೋಡುವಾಗ ಪಾದೆ ಸಿಕ್ಕಿತು ಎಂದು ಕೆಲಸ ನಿಲ್ಲಿಸುತ್ತಾರಲ್ಲ, ಆ ಪಾದೆಯ ಕುಲದಲ್ಲಿ ಅದು ಸೇರಿದೆ. ಬಾವಿಗೆ ಇಳಿಯುವ ಅಗತ್ಯವಿಲ್ಲ. ಮನೆ ಕಟ್ಟುವ ಜಾಗದಲ್ಲಿ ಸುರಿದ ಜಲ್ಲಿ ರಾಶಿ, ಆಗುಂಬೆ ಕಡೆಗೆ ಹೋಗುವ ಹೆದ್ದಾರಿಗಾಗಿ ಗುಡ್ಡ ಕಡಿದ ಜಾಗ, ಘಟ್ಟದಿಂದ ಹೊಳೆ ಉರುಳಿಸಿ ತಂದ ಗುಂಡುಕಲ್ಲು, ಅಡುಗೆಮನೆಯ ಕಟ್ಟೆಗೆ ಹಾಸಿದ ನುಣುಪು ಹಲಗೆ, ಇವೇ ನಮ್ಮ ಪಾಠಶಾಲೆ. ಜಲ್ಲಿ ರಾಶಿಯಂತೂ ಮೇಷ್ಟ್ರಿಗೆ ವರ. ಪ್ರತಿಯೊಂದು ಚೂರಿಗೂ ಹೊಸದಾಗಿ ಒಡೆದ ಮುಖವಿರುತ್ತದೆ. ನಮ್ಮ ಮಳೆಗೆ ಮೈಯೊಡ್ಡಿದ ಬಂಡೆಯ ಹೊರಮೈ ಪಾಚಿ ಹಿಡಿದು ಕಪ್ಪಾಗಿರುತ್ತದೆ; ಆ ಕಪ್ಪನ್ನು ನೋಡಿ ಕಲ್ಲಿನ ಜಾತಿ ಹೇಳಹೊರಟವರು ಕಲ್ಲಿನ ಬದಲು ಪಾಚಿಗೆ ಹೆಸರಿಟ್ಟ ಹಾಗಾಗುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಮಸೂರ, ಒಂದು ಉಕ್ಕಿನ ಚಾಕು, ಒದ್ದೆ ಮಾಡಲು ಬಾಟ್ಲಿ ನೀರು, ಇಷ್ಟಿದ್ದರೆ ಸಾಕು. ನೀರು ನಿಂತ ಹಳೆಯ ಕೋರೆ ಹೊಂಡಗಳ ಹತ್ತಿರ ಮಾತ್ರ ಹೋಗಬೇಡಿ. ಅಲ್ಲಿ ಸಿಗುವ ಕಲ್ಲು ರಸ್ತೆ ಬದಿಯಲ್ಲೂ ಸಿಗುತ್ತದೆ.

ಅಗ್ನಿಶಿಲೆ ಎಂದರೆ ಕರಗಿದ ಶಿಲೆ ಆರಿ ಗಟ್ಟಿಯಾದದ್ದು. ನೆಲದೊಳಗೆ ಇರುವಷ್ಟು ಹೊತ್ತು ಅದು ಶಿಲಾಪಾಕ, ಹೊರಕ್ಕೆ ಹರಿದರೆ ಲಾವಾ. ಕಲ್ಲು ಕೈಗೆ ಬಂದಾಗ ಕೇಳಬೇಕಾದದ್ದು ಎರಡು ಪ್ರಶ್ನೆ. ಹರಳು ಎಷ್ಟು ದೊಡ್ಡದು? ಹರಳು ಯಾವುದು? ಮೊದಲನೆಯದು ಆ ಪಾಕ ಎಲ್ಲಿ, ಎಷ್ಟು ನಿಧಾನವಾಗಿ ಆರಿತೆಂದು ಹೇಳುತ್ತದೆ. ಎರಡನೆಯದು ಪಾಕದಲ್ಲಿ ಏನೇನಿತ್ತೆಂದು ಹೇಳುತ್ತದೆ. ಬಣ್ಣವನ್ನು ವಿಚಾರಿಸುವುದು ಇವೆರಡೂ ಮುಗಿದ ಮೇಲೆ.

ಸಕ್ಕರೆ ಪಾಕಕ್ಕೆ ದಾರ ಇಳಿಬಿಟ್ಟು ಅಲುಗಿಸದೆ ದಿನಗಟ್ಟಲೆ ಇಟ್ಟರೆ ಕಲ್ಲುಸಕ್ಕರೆಯ ದಪ್ಪ ಹರಳು ಕೂರುತ್ತದೆ. ಅದನ್ನೇ ತಟ್ಟೆಗೆ ಸುರಿದು ಬೇಗ ಆರಿಸಿದರೆ ಸಿಗುವುದು ಹಿಟ್ಟಿನಂಥ ಸಣ್ಣ ಹರಳು. ಶಿಲಾಪಾಕದ್ದೂ ಅದೇ ಕಥೆ. ನೆಲದೊಳಗೆ ಕಿಲೋಮೀಟರುಗಟ್ಟಲೆ ಆಳದಲ್ಲಿ, ಸುತ್ತಲೂ ಬಿಸಿ ಶಿಲೆಯ ಹೊದಿಕೆಯಿದ್ದಾಗ, ಅದು ಆರಲು ಸಾವಿರಾರು, ಲಕ್ಷಾಂತರ ವರ್ಷ ಬೇಕು. ಅಷ್ಟರಲ್ಲಿ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು, ಅಕ್ಕಿಕಾಳಿನಷ್ಟು ಬೆಳೆದು ಒಂದರ ಬದಿಗೊಂದು ಒತ್ತಿಕೊಳ್ಳುತ್ತವೆ. ಇದು ಒರಟು ಕಣದ ರಚನೆ. ಲಾವಾ ಗಾಳಿಗೋ ನೀರಿಗೋ ತೆರೆದುಕೊಂಡು ಬೇಗ ಆರಿದರೆ ಹರಳುಗಳಿಗೆ ಬೆಳೆಯಲು ಹೊತ್ತಿರುವುದಿಲ್ಲ. ಮಸೂರದಲ್ಲೂ ಬೇರೆಬೇರೆಯಾಗಿ ಕಾಣದ ಸೂಕ್ಷ್ಮ ಕಣದ ಕಲ್ಲಾಗುತ್ತದೆ. ಇನ್ನೂ ಬೇಗ ಆರಿದರೆ ಹರಳೇ ಕಟ್ಟದೆ ಗಾಜಾಗುತ್ತದೆ. ಅಬ್ಸಿಡಿಯನ್ ಅಂಥ ಗಾಜು.

ಇವುಗಳ ನಡುವೆ ಒಂದು ಮಿಶ್ರ ರಚನೆಯಿದೆ, ನನಗೆ ಅಚ್ಚುಮೆಚ್ಚಿನದು. ಸಣ್ಣ ಕಣದ ಹಾಸಿನ ಮೇಲೆ ಅಲ್ಲಲ್ಲಿ ದೊಡ್ಡ ಹರಳು ಎದ್ದು ಕಾಣುತ್ತದೆ. ಪಾಕ ಆಳದಲ್ಲಿ ನಿಧಾನವಾಗಿ ಆರತೊಡಗಿ, ಕೆಲವು ಹರಳು ದೊಡ್ಡದಾದ ಮೇಲೆ, ಇದ್ದಕ್ಕಿದ್ದಂತೆ ಮೇಲಕ್ಕೇರಿ ಉಳಿದದ್ದು ಬೇಗ ಗಟ್ಟಿಯಾಯಿತು ಎಂಬುದಕ್ಕೆ ಅದು ಸಾಕ್ಷಿ. ಪಾರ್ಫಿರಿ ರಚನೆ ಎನ್ನುತ್ತಾರೆ. ಆದರೆ ದೊಡ್ಡ ಹರಳು ಎಂದರೆ ಯಾವಾಗಲೂ ನಿಧಾನ ಎಂದುಕೊಳ್ಳಬಾರದು. ಅಂಗೈಯಗಲದ ಫೆಲ್ಡ್‌ಸ್ಪಾರ್, ಹಾಳೆಹಾಳೆಯಾಗಿ ಬಿಡಿಸಬಹುದಾದ ಅಭ್ರಕ ಇರುವ ಪೆಗ್ಮಟೈಟ್ ಪಟ್ಟಿಗಳಲ್ಲಿ ಹರಳು ಆ ಗಾತ್ರಕ್ಕೆ ಬೆಳೆಯಲು ನಿಧಾನಕ್ಕಿಂತ ಪಾಕದಲ್ಲಿ ಬೆರೆತಿದ್ದ ನೀರು ಮುಖ್ಯ ಕಾರಣ. ಆ ನೀರು ಧಾತುಗಳಿಗೆ ಸುಲಭವಾಗಿ ಓಡಾಡುವ ದಾರಿ ಮಾಡಿಕೊಡುತ್ತದೆ.

ಇನ್ನು ಹರಳು ಯಾವುದೆಂಬ ಪ್ರಶ್ನೆ. ಖನಿಜಗಳು ಸಾವಿರಾರು ಇದ್ದರೂ ಅಗ್ನಿಶಿಲೆಯ ಮಟ್ಟಿಗೆ ಏಳೆಂಟು ಗೊತ್ತಿದ್ದರೆ ಬಹಳಷ್ಟು ಕೆಲಸ ಸಾಗುತ್ತದೆ. ತಿಳಿಬಣ್ಣದವುಗಳಿಂದ ಹೊರಡೋಣ. ಬೆಣಚು, ಅಂದರೆ ಕ್ವಾರ್ಟ್ಜ್, ಗಾಜಿನ ಚೂರಿನಂತೆ ಬೂದುಬಣ್ಣಕ್ಕೆ ತಿರುಗಿದ ಪಾರಕ ಕಾಳು. ಒಡೆದ ಮೈ ಬಾಗಿರುತ್ತದೆ, ಚಪ್ಪಟೆ ಮುಖ ಇರುವುದಿಲ್ಲ. ಫೆಲ್ಡ್‌ಸ್ಪಾರ್ ಹಾಲುಬಿಳಿ, ಬೂದು ಅಥವಾ ಗುಲಾಬಿ. ಕಲ್ಲನ್ನು ಬಿಸಿಲಿಗೆ ಹಿಡಿದು ಮೆಲ್ಲಗೆ ತಿರುಗಿಸಿ: ಒಂದು ಕೋನಕ್ಕೆ ಬಂದಾಗ ಪಕ್ಕನೆ ಮಿಂಚಿ ಮಾಯವಾಗುವ ಚಪ್ಪಟೆ ಮುಖಗಳಿದ್ದರೆ ಅದು ಫೆಲ್ಡ್‌ಸ್ಪಾರ್. ಎರಡನ್ನೂ ಚಾಕುವಿನಿಂದ ಗೀರಲಾಗುವುದಿಲ್ಲ. ಮೋಸ್ ಗಡಸುತನದ ಅಳತೆಯಲ್ಲಿ ಫೆಲ್ಡ್‌ಸ್ಪಾರ್ 6, ಬೆಣಚು 7, ಸಾಮಾನ್ಯ ಚಾಕು ಐದೂವರೆಯ ಆಸುಪಾಸು. ಆದ್ದರಿಂದ ಇಲ್ಲಿ ಚಾಕುವಿಗಿಂತ ಬಿಸಿಲೇ ಒಳ್ಳೆಯ ಉಪಕರಣ. ಫೆಲ್ಡ್‌ಸ್ಪಾರಿನಲ್ಲೂ ಎರಡು ಬಗೆ. ಪೊಟ್ಯಾಸಿಯಂ ಇರುವುದು ಅನೇಕ ವೇಳೆ ಗುಲಾಬಿ. ಸೋಡಿಯಂ, ಕ್ಯಾಲ್ಸಿಯಂ ಇರುವ ಪ್ಲೇಜಿಯೋಕ್ಲೇಸಿನ ಮಿಂಚುವ ಮುಖದ ಮೇಲೆ ಮಸೂರದಲ್ಲಿ ಒಂದಕ್ಕೊಂದು ಸಮಾನಾಂತರವಾದ ಸಣ್ಣ ಗೆರೆಗಳು ಕಂಡರೆ ಗುರುತು ಗಟ್ಟಿಯಾಯಿತು.

ಕಪ್ಪು ಹರಳುಗಳಲ್ಲಿ ಮೊದಲು ಬಯೊಟೈಟ್. ಚಾಕುವಿನ ತುದಿಗೆ ತೆಳು ಪದರವಾಗಿ ಎದ್ದುಬಂದರೆ ಅದೇ ಕರಿ ಅಭ್ರಕ. ಏಳದೆ ಗಟ್ಟಿಯಾಗಿ ಕೂತಿದ್ದರೆ ಹಾರ್ನ್‌ಬ್ಲೆಂಡ್ ಅಥವಾ ಪೈರಾಕ್ಸೀನ್. ಇವೆರಡನ್ನು ಬೇರ್ಪಡಿಸುವುದು ಹೊಸಬರಿಗೆ ತಲೆನೋವು, ಹಳಬರಿಗೂ ಕೆಲವೊಮ್ಮೆ. ಸೀಳಿದ ಮುಖಗಳ ನಡುವಣ ಕೋನ ಹಾರ್ನ್‌ಬ್ಲೆಂಡಿನಲ್ಲಿ 56 ಮತ್ತು 124 ಡಿಗ್ರಿ. ಪೈರಾಕ್ಸೀನಿನಲ್ಲಿ ಸುಮಾರು 90. ಹರಳು ಉದ್ದವಾಗಿದ್ದರೆ ಹಾರ್ನ್‌ಬ್ಲೆಂಡಿನ ಕಡೆಗೆ, ಮೋಟಾಗಿದ್ದರೆ ಪೈರಾಕ್ಸೀನಿನ ಕಡೆಗೆ ವಾಲಬಹುದು. ಆಲಿವೀನ್ ಎಣ್ಣೆಹಸಿರು ಕಾಳು. ಬೆಣಚು ತುಂಬಿದ ಮಾಮೂಲಿ ಗ್ರಾನೈಟಿನಲ್ಲಿ ಹಸಿರು ಕಾಳು ಕಂಡು ಆಲಿವೀನ್ ಎಂದು ಸಂಭ್ರಮಪಡಬೇಡಿ. ಮೆಗ್ನೀಸಿಯಂ ಹೇರಳವಾಗಿರುವ ಆಲಿವೀನಿಗೂ ಬೆಣಚಿಗೂ ಕೂಡಿಬಾಳುವ ಯೋಗವಿಲ್ಲ. ಪಾಕದಲ್ಲಿ ಸಿಲಿಕಾ ಮಿಕ್ಕಿದ್ದರೆ ಅದು ಆಲಿವೀನಿನೊಂದಿಗೆ ಸೇರಿ ಪೈರಾಕ್ಸೀನ್ ಆಗುತ್ತದೆ.

ಈ ಕೂಡಿಕೆ ಅಗಲಿಕೆಗಳ ಕ್ರಮವನ್ನು ವಾಷಿಂಗ್ಟನ್ನಿನ ಕಾರ್ನೆಗಿ ಪ್ರಯೋಗಾಲಯದಲ್ಲಿ ನಾರ್ಮನ್ ಬೋವೆನ್ ಕುಲುಮೆಯಲ್ಲಿ ಶಿಲಾಪಾಕವನ್ನೇ ತಯಾರಿಸಿ ಕಂಡುಕೊಂಡ. ಅವನ ಪುಸ್ತಕ ಬಂದದ್ದು 1928ರಲ್ಲಿ. ಪಾಕ ಆರುತ್ತಿರುವಾಗ ಆಲಿವೀನ್ ಮೊದಲು, ಆಮೇಲೆ ಪೈರಾಕ್ಸೀನ್, ಹಾರ್ನ್‌ಬ್ಲೆಂಡ್, ಬಯೊಟೈಟ್ ಕ್ರಮವಾಗಿ ಹರಳುಗಟ್ಟುತ್ತವೆ. ಇನ್ನೊಂದು ಸಾಲಿನಲ್ಲಿ ಕ್ಯಾಲ್ಸಿಯಂ ಹೆಚ್ಚಿರುವ ಪ್ಲೇಜಿಯೋಕ್ಲೇಸ್ ಮುಂದೆ, ಸೋಡಿಯಂ ಹೆಚ್ಚಿರುವುದು ಹಿಂದೆ. ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್, ಬೆಣಚು ಕೊನೆಗೆ. ಒಂದೇ ಕಲ್ಲಿನಲ್ಲಿ ಯಾವ್ಯಾವ ಖನಿಜ ಜೊತೆಯಾಗಿ ಸಿಗುತ್ತವೆ ಎಂಬುದು ಇದರಿಂದ ಅರ್ಥವಾಗುತ್ತದೆ. ಸಾಲಿನಲ್ಲಿ ಅಕ್ಕಪಕ್ಕ ಇರುವವರು ಒಟ್ಟಿಗೆ ಕೂರುತ್ತಾರೆ, ಎರಡು ತುದಿಯವರು ಕೂರುವುದಿಲ್ಲ.

ಎರಡೂ ಉತ್ತರ ಸೇರಿಸಿದರೆ ಹೆಸರು ಬಂತು. ಬೆಣಚು, ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಧಾರಾಳವಾಗಿದ್ದು ಕಣ ಒರಟಾಗಿದ್ದರೆ ಗ್ರಾನೈಟ್. ಅದೇ ಪಾಕ ಹೊರಗೆ ಹರಿದು ಸೂಕ್ಷ್ಮ ಕಣವಾಗಿದ್ದರೆ ರಯೋಲೈಟ್. ಪ್ಲೇಜಿಯೋಕ್ಲೇಸ್ ಮತ್ತು ಪೈರಾಕ್ಸೀನ್ ಇದ್ದು ಒರಟಾಗಿದ್ದರೆ ಗ್ಯಾಬ್ರೊ, ಸೂಕ್ಷ್ಮವಾಗಿದ್ದರೆ ಬಸಾಲ್ಟ್, ನಡುವೆ ಇದ್ದರೆ ಡಾಲರೈಟ್. ಈ ಎರಡು ತುದಿಗಳ ಮಧ್ಯದ ಸಂಯೋಜನೆ ಆಳದಲ್ಲಿ ಡಯೊರೈಟ್, ಮೇಲೆ ಆಂಡಿಸೈಟ್. ಗ್ರಾನೈಟಿನಲ್ಲಿ ಸಿಲಿಕಾ ಶೇಕಡಾ 70ರ ಆಸುಪಾಸು, ಬಸಾಲ್ಟಿನಲ್ಲಿ ಶೇಕಡಾ 50ರ ಆಸುಪಾಸು. ಬಸಾಲ್ಟ್ ಕೈಗೆ ಭಾರ ಎನಿಸುವುದು ಕಬ್ಬಿಣ, ಮೆಗ್ನೀಸಿಯಂಗಳಿಂದ. ಅದರ ಸಾಂದ್ರತೆ ಸುಮಾರು 2.9, ಗ್ರಾನೈಟಿನದು 2.6ರಿಂದ 2.7. ಒಂದೇ ಗಾತ್ರದ ಎರಡು ಚೂರನ್ನು ಎರಡು ಕೈಯಲ್ಲಿ ತೂಗಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ವಿದ್ವಾಂಸರ ವರ್ಗೀಕರಣದಲ್ಲಿ ತಿಳಿ ಖನಿಜಗಳ ಪೈಕಿ ಬೆಣಚು ಶೇಕಡಾ 20ರಿಂದ 60ರೊಳಗೆ ಇದ್ದರೆ ಮಾತ್ರ ಗ್ರಾನೈಟಿನ ಬಳಗಕ್ಕೆ ಪ್ರವೇಶ.

ಈಗ ಕಾರ್ಕಳಕ್ಕೆ ಹೋಗೋಣ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿ ಎತ್ತರದ ಗೊಮ್ಮಟ ನಿಂತಿರುವ ಬೋಳುಬಂಡೆ, ಅದರೆದುರಿನ 1586ರ ಚತುರ್ಮುಖ ಬಸದಿ, ಎರಡೂ ಗ್ರಾನೈಟ್ ಜಾತಿಯ ಕಲ್ಲಿನವು. ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠೆಯಾದ 39 ಅಡಿಯ ಬಾಹುಬಲಿಯನ್ನು ರೆಂಜಾಳ ಗೋಪಾಲಕೃಷ್ಣ ಶೆಣೈ ಕೆತ್ತಿದ್ದೂ ಕಾರ್ಕಳದಲ್ಲೇ. ಈ ಕಲ್ಲಿನಲ್ಲಿ ಹರಳುಗಳು ಎಲ್ಲ ದಿಕ್ಕಿಗೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಇಂಥ ಕಡೆಯಿಂದ ಸೀಳುತ್ತದೆ ಎಂಬ ದುರ್ಬಲ ಪದರ ಇರುವುದಿಲ್ಲ. ಆರು ಶತಮಾನದ ಕರಾವಳಿ ಮಳೆಗೆ ಗೊಮ್ಮಟನ ಬೆರಳು ಉಳಿದದ್ದರಲ್ಲಿ ಶಿಲ್ಪಿಯ ಕೈ ಎಷ್ಟಿದೆಯೋ ಬೆಣಚಿನ ಪಾಲೂ ಅಷ್ಟಿದೆ.

ಗ್ರಾನೈಟ್ ಜಾತಿ ಎಂದು ಬಳಸಿ ಹೇಳಿದ್ದಕ್ಕೆ ಕಾರಣವಿದೆ. ನಮ್ಮ ನೆಲದಡಿಯ ಪಾದೆಯಲ್ಲಿ ದೊಡ್ಡ ಪಾಲು ನೈಸ್ ಎಂಬ ರೂಪಾಂತರ ಶಿಲೆ. ಸ್ಮೀತ್ ಎಂಬ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಪೆನಿನ್ಸುಲಾರ್ ನೈಸ್ ಎಂದು ಹೆಸರಿಟ್ಟದ್ದು ಇದರ ಬಳಗಕ್ಕೆ. ಬೆಂಗಳೂರಿನ ಲಾಲ್‌ಬಾಗಿನ ಗುಡ್ಡವೂ ಅದೇ, 300 ಕೋಟಿ ವರ್ಷದ ಆಚೀಚೆಯದು. ಖನಿಜಗಳನ್ನಷ್ಟೇ ಎಣಿಸಿದರೆ ನೈಸೂ ಗ್ರಾನೈಟೂ ಒಂದೇ: ಬೆಣಚು, ಫೆಲ್ಡ್‌ಸ್ಪಾರ್, ಬಯೊಟೈಟ್. ವ್ಯತ್ಯಾಸ ಇರುವುದು ಜೋಡಣೆಯಲ್ಲಿ. ಒತ್ತಡಕ್ಕೂ ಬಿಸಿಗೂ ಸಿಕ್ಕ ನೈಸಿನಲ್ಲಿ ಕಪ್ಪು ಹರಳು ಒಂದು ಪಟ್ಟಿ, ಬಿಳಿ ಹರಳು ಒಂದು ಪಟ್ಟಿಯಾಗಿ ಸರಿದು ನಿಂತಿರುತ್ತವೆ. ಗ್ರಾನೈಟಿನಲ್ಲಿ ಚೆಲ್ಲಾಪಿಲ್ಲಿ. ಅಂಗೈಯಷ್ಟು ಚೂರಿನಲ್ಲಿ ಪಟ್ಟಿ ಕಾಣದಿರಬಹುದು, ಹತ್ತು ಹೆಜ್ಜೆ ಹಿಂದೆ ಸರಿದು ಇಡೀ ಬಂಡೆಯನ್ನು ನೋಡಬೇಕು. ಜಲ್ಲಿ ರಾಶಿ ಕೈಕೊಡುವುದು ಇಲ್ಲಿಯೇ.

ಪಟ್ಟಿಯಿಲ್ಲದ, ಸಂಶಯಕ್ಕೆಡೆಯಿಲ್ಲದ ಗ್ರಾನೈಟ್ ನೋಡಬೇಕೆಂದರೆ ರಾಮನಗರ. ಸಿನಿಮಾದಲ್ಲಿ ಗಬ್ಬರ್ ಸಿಂಗ್ ಗರ್ಜಿಸಿದ ಆ ಬಂಡೆಗಳು ಸುಮಾರು 250 ಕೋಟಿ ವರ್ಷದ ಕ್ಲೋಸ್‌ಪೇಟೆ ಗ್ರಾನೈಟ್. ಊರಿನ ಹಳೆಯ ಹೆಸರು ಕಲ್ಲಿಗೆ ಉಳಿದುಕೊಂಡಿದೆ. ಅದರಲ್ಲಿ ಹೆಬ್ಬೆರಳ ಉಗುರಿನಷ್ಟು ದೊಡ್ಡ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳನ್ನು ಕನ್ನಡಕವಿಲ್ಲದೆಯೂ ನೋಡಬಹುದು.

ನೈಸ್, ಗ್ರಾನೈಟುಗಳನ್ನು ಸೀಳಿಕೊಂಡು ಹೋಗುವ ಕಪ್ಪು ಗೋಡೆಗಳು ಅವಿಭಜಿತ ದಕ್ಷಿಣ ಕನ್ನಡದ ಬಂಡೆಗಳಲ್ಲಿ ಕಾಣಸಿಗುತ್ತವೆ. ಇವು ಡೈಕುಗಳು, ಬಹುತೇಕ ಡಾಲರೈಟ್. ಬಿರುಕಿಗೆ ನುಗ್ಗಿದ ಪಾಕ ಅಲ್ಲೇ ಗಟ್ಟಿಯಾದದ್ದು. ಡೈಕ್ ಸಿಕ್ಕರೆ ಅಂಚಿನಿಂದ ನಡುವಿಗೆ ಮಸೂರ ಸರಿಸುತ್ತ ಹೋಗಿ. ತಣ್ಣನೆಯ ಬಂಡೆಗೆ ತಾಗಿದ ಅಂಚಿನಲ್ಲಿ ಕಣ ಕಾಣದಷ್ಟು ಸಣ್ಣ, ನಡುವಿನಲ್ಲಿ ಪ್ಲೇಜಿಯೋಕ್ಲೇಸಿನ ಬಿಳಿ ಕಡ್ಡಿಗಳು ಕಾಣುವಷ್ಟು ದೊಡ್ಡದು. ಒಂದೇ ಪಾಕ, ಒಂದೇ ಹೊತ್ತು, ಕೆಲವು ಅಡಿಗಳ ಅಂತರದಲ್ಲಿ ಎರಡು ರಚನೆ. ಪುಸ್ತಕದಲ್ಲಿ ಹತ್ತು ಪುಟ ಓದಿದರೂ ಇಷ್ಟು ಸ್ಪಷ್ಟವಾಗುವುದಿಲ್ಲ. ಅಂಗಡಿಯಲ್ಲಿ ಬ್ಲ್ಯಾಕ್ ಗ್ರಾನೈಟ್ ಎಂದು ಮಾರುವ, ಚಾಮರಾಜನಗರದ ಕಡೆಯಿಂದ ದೇಶವಿದೇಶಕ್ಕೆ ಹೋಗುವ ಕರಿಕಲ್ಲೂ ಈ ಡಾಲರೈಟೇ. ಅದರಲ್ಲಿ ಗ್ರಾನೈಟಿನಂತೆ ಬೆಣಚು ತುಂಬಿರುವುದಿಲ್ಲ. ವ್ಯಾಪಾರಿಗೆ ಹೊಳಪು ಬರುವ ಗಟ್ಟಿ ಕಲ್ಲೆಲ್ಲ ಗ್ರಾನೈಟ್. ಅವನೊಡನೆ ವಾದಕ್ಕಿಳಿಯಬೇಡಿ, ದರ ಕಡಿಮೆಯಾಗುವುದಿಲ್ಲ.

ಇಷ್ಟು ಕಲಿತವರಿಗೆ ನಿಜವಾದ ಪರೀಕ್ಷೆ ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಇಳಿಯುವ ಸೇಂಟ್ ಮೇರೀಸ್ ದ್ವೀಪ. ಕಂಬ ಕಂಬವಾಗಿ ನಿಂತ ಆರು ಮುಖದ, ಕೆಲವೆಡೆ ಐದು, ಏಳು ಮುಖದ ಕಲ್ಲುಗಳನ್ನು ಕಂಡ ಕೂಡಲೇ ಬಸಾಲ್ಟ್ ಎನ್ನುವವರೇ ಹೆಚ್ಚು. ಎಷ್ಟೋ ಪ್ರವಾಸಿ ಬರಹಗಳಲ್ಲಿ ಹಾಗೆಯೇ ಅಚ್ಚಾಗಿದೆ. ಎರಡು ಕಾರಣ ಕೊಡುತ್ತಾರೆ: ಕಂಬದ ಆಕಾರ, ಕಪ್ಪು ಬೂದು ಬಣ್ಣ. ಎರಡೂ ನಿಲ್ಲುವುದಿಲ್ಲ.

ಕಂಬ ಮೂಡುವುದು ಲಾವಾ ಆರುವಾಗ ಕುಗ್ಗುವುದರಿಂದ. ದಪ್ಪ ಲಾವಾ ಹಾಸು ಮೇಲಿನಿಂದ, ಕೆಳಗಿನಿಂದ ಆರುತ್ತ ಬಂದಂತೆ ಎಳೆತ ಹೆಚ್ಚಿ ಬಿರುಕು ಬಿಡುತ್ತದೆ. ಕಡಿಮೆ ಬಿರುಕಿನಲ್ಲಿ ಹೆಚ್ಚು ಎಳೆತ ಸಡಿಲವಾಗುವುದು ಮೂರು ಬಿರುಕುಗಳು 120 ಡಿಗ್ರಿಯಲ್ಲಿ ಕೂಡಿದಾಗ. ಆಗ ಆರು ಮುಖದ ಕಂಬ ಸಹಜವಾಗಿ ಆಗುತ್ತದೆ. ಬಿರುಕು ಶಾಖ ಹೊರಬೀಳುವ ದಿಕ್ಕಿನಲ್ಲೇ ಒಳಕ್ಕೆ ಇಳಿಯುತ್ತದೆ. ಇದಕ್ಕೆ ಲಾವಾ ಯಾವ ಜಾತಿಯದಾದರೂ ಆಯಿತು. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯಲ್ಲಿರುವ ಸುಮಾರು 40,000 ಕಂಬಗಳು ಬಸಾಲ್ಟಿನವು. ನಮ್ಮವು ಅಲ್ಲ.

ಇನ್ನು ಬಣ್ಣ. ಒರಟು ಕಣದ ಕಲ್ಲಿನಲ್ಲಿ ಬಣ್ಣ ಒಂದು ಮಟ್ಟಿಗೆ ನಂಬಬಹುದಾದ ಸಾಕ್ಷಿ, ಏಕೆಂದರೆ ಕಾಣುತ್ತಿರುವುದು ಖನಿಜಗಳ ಬಣ್ಣ. ಗಾಜಿನಂಥ, ಕಣ ಕಾಣದ ಕಲ್ಲಿನಲ್ಲಿ ಆ ನಂಬಿಕೆ ಮುರಿಯುತ್ತದೆ. ಅಬ್ಸಿಡಿಯನ್ ಇದ್ದಿಲಿನಷ್ಟು ಕಪ್ಪು. ಅದರ ಸಂಯೋಜನೆ ಗ್ರಾನೈಟಿನದು. ಒಂದಿಷ್ಟು ಕಬ್ಬಿಣದ ಸೂಕ್ಷ್ಮ ಕಣಗಳು ಗಾಜಿನ ತುಂಬ ಚೆದುರಿದ್ದರೆ ಇಡೀ ಕಲ್ಲು ಕಪ್ಪಾಗಲು ಅಷ್ಟು ಸಾಕು. ಸೇಂಟ್ ಮೇರೀಸ್ ಕಂಬಗಳು ಸಿಲಿಕಾ ಹೆಚ್ಚಿರುವ ರಯೋಲೈಟ್, ರಯೋಡೇಸೈಟ್ ಲಾವಾ. ಗಾಜಿನ ಅಂಶವಿರುವ ಸೂಕ್ಷ್ಮ ಹಾಸಿನಲ್ಲಿ ಪ್ಲೇಜಿಯೋಕ್ಲೇಸ್, ಪೈರಾಕ್ಸೀನ್ ಹರಳುಗಳು ಕೂತಿವೆ. ಮೇಲೆ ಹೇಳಿದ ಪಾರ್ಫಿರಿ ರಚನೆ ಅದು: ಆಳದಲ್ಲಿ ಒಂದಿಷ್ಟು ಕಾಲ, ಮೇಲೆ ಬಂದು ಇನ್ನೊಂದಿಷ್ಟು. ವಯಸ್ಸು ಒಂಬತ್ತು ಕೋಟಿ ವರ್ಷಕ್ಕೆ ಹತ್ತಿರ. ಮಡಗಾಸ್ಕರ್ ಭಾರತದಿಂದ ಬಿಟ್ಟುಹೋದ ಹೊತ್ತಿನ ಲಾವಾ ಇದು. ಅದೇ ಕಾಲದ ಲಾವಾ ಆ ದ್ವೀಪದಲ್ಲೂ ಇದೆ. ನಿಜವಾದ ಬಸಾಲ್ಟ್ ನೋಡಲು ಉತ್ತರ ಕರ್ನಾಟಕಕ್ಕೆ ಹೋಗಬೇಕು. ವಿಜಯಪುರ, ಕಲಬುರಗಿ, ಬೀದರಿನ ನೆಲ ಸುಮಾರು 6.6 ಕೋಟಿ ವರ್ಷದ ದಖ್ಖನ್ ಲಾವಾ, ಗೋಳಗುಮ್ಮಟದ ಗೋಡೆಯೂ ಅದೇ ಕಲ್ಲು.

ಮಸೂರ ಹಿಡಿದ ಹೊಸಬ ದ್ವೀಪದಲ್ಲಿ ಎಷ್ಟು ದೂರ ಹೋಗಬಹುದು? ರಚನೆ ಖಚಿತವಾಗಿ ಹೇಳಬಹುದು. ದೊಡ್ಡ ಹರಳುಗಳಲ್ಲಿ ಫೆಲ್ಡ್‌ಸ್ಪಾರ್ ಇದೆ ಎನ್ನಬಹುದು. ಆಲಿವೀನ್ ಕಾಣಲಿಲ್ಲವೆಂದು ಬರೆದುಕೊಳ್ಳಬಹುದು. ಅಷ್ಟರ ಮೇಲೆ ರಯೋಲೈಟೋ ರಯೋಡೇಸೈಟೋ ಎಂದು ತೀರ್ಮಾನಿಸಲು ಕಣ್ಣು ಸಾಲದು. ಕಲ್ಲನ್ನು 0.03 ಮಿಲಿಮೀಟರಿನಷ್ಟು ತೆಳ್ಳಗೆ ಉಜ್ಜಿ, ಬೆಳಕು ತೂರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಗಾಜು ಹೆಚ್ಚಿದ್ದರೆ ಅದೂ ಸಾಲದೆ ರಾಸಾಯನಿಕ ವಿಶ್ಲೇಷಣೆಗೆ ಹೋಗಬೇಕು. ತಿಳಿಬಣ್ಣದ ಲಾವಾ, ಕಡುಬಣ್ಣದ ಲಾವಾ ಎಂದಷ್ಟೇ ಬರೆದು ನಿಲ್ಲಿಸುವ ಪದ್ಧತಿ ಹೊರಾಂಗಣದ ಭೂವಿಜ್ಞಾನಿಗಳಲ್ಲೂ ಇದೆ, ಆದರೆ ಇಲ್ಲಿ ಅದೂ ದಾರಿ ತಪ್ಪಿಸುತ್ತದೆ. ಸಣ್ಣ ಕಣದ ಕಲ್ಲು, ಜಾತಿ ಬಾಕಿ ಎಂದು ಬರೆದರೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುತ್ತಿಗೆ ಒಯ್ಯಬೇಡಿ, ಚೂರೊಂದನ್ನೂ ಕಿಸೆಗೆ ಹಾಕಬೇಡಿ. ಅಲೆ ಒಡೆದ ಮುಖಗಳೇ ಬೇಕಾದಷ್ಟಿವೆ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ಆ ತಿಂಗಳುಗಳಲ್ಲಿ ಬಿಸಿಲು ಬಿದ್ದ ದಿನ ನೋಡಿಕೊಂಡು ಕಾಪುವಿಗೆ ಹೋಗಿ. 1901ರ ದೀಪಸ್ತಂಭ ನಿಂತ ಬಂಡೆಯ ಸುತ್ತ, ಅಲೆ ತಲುಪದ ಎತ್ತರದಲ್ಲಿ, ಮೊದಲು ಹತ್ತು ಹೆಜ್ಜೆ ದೂರ ನಿಂತು ಪಟ್ಟಿ ಇದೆಯೇ ನೋಡಿ. ಆಮೇಲೆ ಹತ್ತಿರ ಹೋಗಿ ಪಾಚಿಯಿಲ್ಲದ ಜಾಗ ಹುಡುಕಿ, ನೀರು ಚಿಮುಕಿಸಿ, ಮಿಂಚುವ ಮುಖಗಳನ್ನು ಎಣಿಸಿ. ಕಪ್ಪು ಪಟ್ಟಿಯೇನಾದರೂ ಅಡ್ಡ ಹಾಯ್ದಿದ್ದರೆ ಅದರ ಅಂಚು ಯಾವುದು, ನಡು ಯಾವುದು ಎಂದು ಮಸೂರದಿಂದ ಗುರುತಿಸಿ. ಕಂಡದ್ದನ್ನು ಹೆಸರಿಲ್ಲದೆ ನಾಲ್ಕು ಸಾಲು ಬರೆಯಿರಿ, ಹೆಸರನ್ನು ಐದನೆಯ ಸಾಲಿಗೆ ಇಟ್ಟುಕೊಳ್ಳಿ.